ಪೀಪಾಯಿಯ ವಾಸನೆ

ನದೀಮೂಲ, ಋಷಿಮೂಲ ಹುಡುಕಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಹುಡುಕಿದರೆ ನದಿ ಸಣ್ಣದಾಗಿ ಕಾಣುತ್ತದೆ, ಋಷಿಯ ಮೇಲಣ ಗೌರವಕ್ಕೆ ಕುಂದು ಬರುತ್ತದೆ ಎಂಬ ಅಂಜಿಕೆ ಆ ಮಾತಿನ ಹಿಂದೆ ಇದ್ದಿರಬೇಕು. ರುಚಿಯ ಮೂಲದ ವಿಚಾರವನ್ನು ಅವರು ಎತ್ತಲಿಲ್ಲ. ನಾಲಗೆ ಒಂದು ಪದಾರ್ಥವನ್ನು ಸೊಗಸೆಂದು ಒಪ್ಪಿಕೊಂಡ ಮೇಲೆ, ಅದು ಯಾರ ಕೈಯಿಂದ ಬಂತು, ಯಾವ ದಾರಿ ತುಳಿದು ಬಂತು ಎಂದು ಕೇಳುವ ಹೊಣೆ ಆ ನಾಲಗೆಯ ಒಡೆಯನಿಗೆ ಉಂಟೇ? ಈಚೆಗೆ ಈ ಪ್ರಶ್ನೆ ನನ್ನನ್ನು ಕಾಡಿದ್ದು ಒಂದು ಸೀಸೆ ರಮ್ಮಿನ ನಿಮಿತ್ತದಿಂದ.

ರಮ್ ಎಂಬ ಹೆಸರು ಕಂಡೊಡನೆ ಕೆಲವು ವಾಚಕರು ಪುಟ ಮಗುಚಿಬಿಡಬಹುದು. ಅವರಲ್ಲಿ ನನ್ನದೊಂದು ವಿಜ್ಞಾಪನೆ. ಕುಡಿಯುವುದು ಸರಿಯೋ ತಪ್ಪೋ ಎಂಬುದು ಹಳೆಯ ವ್ಯಾಜ್ಯ; ಅದನ್ನು ಇಲ್ಲಿ ತೀರ್ಮಾನಿಸುವ ಉದ್ದೇಶ ನನಗಿಲ್ಲ. ನಾನು ಕೇಳಹೊರಟಿರುವ ಪ್ರಶ್ನೆ ಬೆಳಗಿನ ಕಾಫಿಗೂ, ಅದಕ್ಕೆ ಹಾಕುವ ಸಕ್ಕರೆಗೂ, ಹಬ್ಬದ ದಿನ ಉಡುವ ರೇಷ್ಮೆಗೂ ಅಷ್ಟೇ ಅನ್ವಯಿಸುತ್ತದೆ. ರಮ್ಮಿನಲ್ಲಿ ಅದು ಸ್ವಲ್ಪ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೆ.

ಸೀಸೆಯನ್ನು ತಂದವನು ಹಡಗಿನಲ್ಲಿ ಇಂಜಿನಿಯರಾಗಿರುವ ನನ್ನ ಸೋದರಳಿಯ. ಬಾರ್ಬಡೋಸ್ ದ್ವೀಪದ ಫೋರ್‌ಸ್ಕ್ವೇರ್ ಎಂಬ ಭಟ್ಟಿಯಲ್ಲಿ 2005ರಲ್ಲಿ ಇಳಿಸಿದ ರಮ್ ಅದು. ಬಾರ್ಬಡೋಸ್ ಎಂದರೆ ನಮ್ಮ ಕಡೆಯವರಿಗೆ ಕ್ರಿಕೆಟ್ಟೇ ಮೊದಲು ನೆನಪಾಗುವುದು. 1962ರಲ್ಲಿ ನಾರಿ ಕಂಟ್ರಾಕ್ಟರರ ತಲೆಗೆ ಚೆಂಡು ಬಡಿದ ಊರು ಅಲ್ಲಿಯ ಬ್ರಿಜ್‌ಟೌನ್. 2024ರ ಜೂನ್ 29ರಂದು ನಮ್ಮ ರಾಹುಲ್ ದ್ರಾವಿಡರ ತರಬೇತಿಯಲ್ಲಿ ಭಾರತ ತಂಡ ವಿಶ್ವಕಪ್ ಎತ್ತಿದ ಊರೂ ಅದೇ. ದ್ವೀಪದ ವಿಸ್ತಾರ ಸುಮಾರು 430 ಚದರ ಕಿಲೋಮೀಟರ್. ನಮ್ಮ ಅನೇಕ ತಾಲೂಕುಗಳಿಗಿಂತ ಚಿಕ್ಕದು. "ಮಾವ, ಇದನ್ನು ಔಷಧದ ಹಾಗೆ ಗುಟುಕರಿಸಬೇಡಿ. ಮೊದಲು ಮೂಗಿಗೆ ಕೊಡಿ, ಆಮೇಲೆ ನಾಲಗೆಗೆ" ಎಂದು ಹೇಳಿ ಅವನು ಅಂಗುಲದಷ್ಟು ಬಗ್ಗಿಸಿಕೊಟ್ಟ.

ಮೂಗಿಗೆ ಮೊದಲು ಬಂದದ್ದು ಕರಟಿದ ಸಕ್ಕರೆಯ ಪರಿಮಳ; ನಮ್ಮ ಆಲೆಮನೆಗಳ ಮುಂದೆ ಹಾದುಹೋದವರಿಗೆ ಅದು ಹೊಸದಲ್ಲ. ಅದರ ಹಿಂದೆಯೇ ಬಿಸಿಲಿಗೆ ಒಣಗಿದ ದ್ರಾಕ್ಷಿ, ಖರ್ಜೂರ. ಇನ್ನೂ ಸ್ವಲ್ಪ ತಡೆದರೆ, ಹಳೆಯ ಮರದ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಬರುವ ಒಂದು ಗಂಭೀರವಾದ ವಾಸನೆ. ನಾಲಗೆಯ ಮೇಲೆ ಮೊದಲು ಬಿಸಿ, ಬಳಿಕ ಸಿಹಿಯೆಂಬ ಭ್ರಮೆ, ಕೊನೆಗೆ ಅಡಿಕೆಯ ಒಗರಿನಂಥ ಒಂದು ಒಗರು. ನುಂಗಿದ ಮೇಲೂ ಬಹಳ ಹೊತ್ತು ಆ ದ್ರಾಕ್ಷಿಯ ನೆನಪು ಗಂಟಲಲ್ಲಿ ನಿಂತಿತ್ತು. ಸೊಗಸಾಗಿತ್ತು. ಈ ಮಾತನ್ನು ಮೊದಲೇ ಹೇಳಿಬಿಡುವುದು ಪ್ರಾಮಾಣಿಕತೆ. ಏಕೆಂದರೆ, ರುಚಿ ಹಿಡಿಸದವನು ರುಚಿಯ ಮೇಲೆ ನೀತಿಬೋಧೆ ಮಾಡುವುದು ಸುಲಭ.

ಸೋಜಿಗವೆಂದರೆ, ಭಟ್ಟಿಯಿಂದ ಇಳಿದಾಗ ರಮ್ಮಿಗೆ ಬಣ್ಣವೇ ಇರುವುದಿಲ್ಲ. ಅದು ನೀರಿನಷ್ಟು ತಿಳಿ. ಕಬ್ಬಿನಹಾಲನ್ನು ಕುದಿಸಿ ಸಕ್ಕರೆಯ ಹರಳು ತೆಗೆದ ಮೇಲೆ ಉಳಿಯುವ ಕಪ್ಪು ಕಾಕಂಬಿಗೆ ನೀರು ಬೆರೆಸಿ, ಹುಳಿ ಬರಿಸಿ, ಭಟ್ಟಿ ಇಳಿಸಿದರೆ ರಮ್. ಅದಕ್ಕೆ ಬಣ್ಣವೂ ಬಹುಪಾಲು ಗಾಂಭೀರ್ಯವೂ ಬರುವುದು ಓಕ್ ಮರದ ಪೀಪಾಯಿಯಲ್ಲಿ ವರ್ಷಾನುಗಟ್ಟಲೆ ಕೂತದ್ದರಿಂದ. ಆ ಪೀಪಾಯಿಗಳೂ ಹೊಸವಲ್ಲ. ಅಮೆರಿಕದ ಕಾನೂನಿನ ಪ್ರಕಾರ ಬೂರ್ಬನ್ ವಿಸ್ಕಿಯನ್ನು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿಯೇ ಇಡಬೇಕು. ಒಮ್ಮೆ ಬಳಸಿದ ಪೀಪಾಯಿ ಮತ್ತೆ ಬೂರ್ಬನ್ನಿಗೆ ಬರುವುದಿಲ್ಲ. ಅಲ್ಲಿ ಬೇಡವಾದವು ಕೆರೀಬಿಯನ್ ದ್ವೀಪಗಳಿಗೆ ಬಂದು ರಮ್ಮನ್ನು ತುಂಬಿಕೊಳ್ಳುತ್ತವೆ. ನಾನು ಸವಿದ ರಮ್ಮು ಅಂಥ ಪೀಪಾಯಿಯಲ್ಲಿ ಮೂರು ವರ್ಷ ಕಳೆಯಿತು. ಆಮೇಲೆ ಅದನ್ನು, ಮೊದಲು ಪೋರ್ಚುಗಲ್ಲಿನ ಪೋರ್ಟ್ ಎಂಬ ಸಿಹಿ ದ್ರಾಕ್ಷಾಮದ್ಯವನ್ನು ಹೊತ್ತಿದ್ದ ಪೀಪಾಯಿಗೆ ವರ್ಗಾಯಿಸಿ ಇನ್ನೂ ಆರು ವರ್ಷ ಇಟ್ಟರು. ನನ್ನ ಗಂಟಲಲ್ಲಿ ನಿಂತ ದ್ರಾಕ್ಷಿ ಅಲ್ಲಿಯದು. ರಮ್ಮಿಗೆ ಯಾರೂ ದ್ರಾಕ್ಷಿ ಹಾಕಿರಲಿಲ್ಲ, ಮರ ನೆನಪಿಟ್ಟುಕೊಂಡಿತ್ತು.

ಇದಕ್ಕೆ ನಮ್ಮ ಭಾಷೆಯಲ್ಲಿ ಒಂದು ಒಳ್ಳೆಯ ಶಬ್ದವಿದೆ: ವಾಸನೆ. ಮೂಗಿಗೆ ತಿಳಿಯುವುದೂ ವಾಸನೆ. ಹಿಂದಣ ಅನುಭವ ಜೀವದಲ್ಲಿ ಉಳಿಸಿಹೋದ ಗುರುತೂ ವಾಸನೆ. ಇಂಗು ಮುಗಿದು ವರ್ಷವಾದರೂ ಡಬ್ಬಿಯನ್ನು ಬೇರೆ ಕೆಲಸಕ್ಕೆ ಬಳಸಲಾಗದೆಂಬುದು ಪ್ರತಿಯೊಬ್ಬ ಗೃಹಿಣಿಗೂ ಗೊತ್ತು. ನಮ್ಮ ದಾರ್ಶನಿಕರು ದೊಡ್ಡ ತತ್ತ್ವವೊಂದಕ್ಕೆ ಹೆಸರಿಡುವಾಗ ಅಡಿಗೆಮನೆಯ ಈ ಅನುಭವವನ್ನು ದೂರ ಇಡಲಿಲ್ಲ. ಅವರ ಪ್ರಕಾರ ವಸ್ತು ಹೋದರೂ ವಾಸನೆ ಹೋಗದು. ಅದು ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ.

ಇಲ್ಲಿ ಮೊದಲನೆಯ ಪ್ರಶ್ನೆ ಹುಟ್ಟುತ್ತದೆ. ದ್ರಾಕ್ಷಿಯ ರುಚಿ ರಮ್ಮಿನ ಸ್ವಂತದ್ದಲ್ಲ, ಕಡ ತಂದದ್ದು. ಹೂವಿನೊಡನೆ ನಾರೂ ಸ್ವರ್ಗಕ್ಕೆ ಹೋಯಿತೆಂಬ ಹಾಗೆ, ಇನ್ನೊಬ್ಬರ ಗುಣದಿಂದ ಮೆಚ್ಚುಗೆ ಪಡೆಯುವುದು ನ್ಯಾಯವೇ? ನ್ಯಾಯವೆಂದೇ ನನ್ನ ಅಭಿಪ್ರಾಯ. ನಮ್ಮಲ್ಲಿ ಯಾರ ಗುಣ ತಾನೇ ಪೂರ್ತಿ ಸ್ವಂತದ್ದು? ತಾಯಿಯ ಮಾತು, ಮೇಷ್ಟರ ಗದರಿಕೆ, ಗೆಳೆಯರ ಸಹವಾಸ, ಓದಿದ ಪುಸ್ತಕ, ಇವನ್ನೆಲ್ಲ ಕಳೆದರೆ ಉಳಿಯುವುದು ಭಟ್ಟಿಯಿಂದ ಆಗತಾನೆ ಇಳಿದ ಬಣ್ಣವಿಲ್ಲದ ದ್ರವದಂಥ ಒಂದು ಸತ್ತ್ವ ಮಾತ್ರ. ಕಡ ತರುವುದರಲ್ಲಿ ದೋಷವಿಲ್ಲ, ಕಡವನ್ನು ಮುಚ್ಚಿಡುವುದರಲ್ಲಿದೆ. ಈ ಸೀಸೆಯ ಚೀಟಿ ತಾನು ಪೋರ್ಟಿನ ಪೀಪಾಯಿಗೆ ಋಣಿಯೆಂದು ದಪ್ಪಕ್ಷರದಲ್ಲಿ ಹೇಳಿಕೊಂಡಿತ್ತು.

ಎಲ್ಲ ಸೀಸೆಗಳೂ ಹಾಗಲ್ಲ. ರಮ್ಮಿನ ವ್ಯಾಪಾರದಲ್ಲಿ ಭಟ್ಟಿ ಇಳಿಸಿದ ಮೇಲೆ ಸಕ್ಕರೆ ಬೆರೆಸುವ ಪದ್ಧತಿಯೊಂದುಂಟು. ಯೂರೋಪಿನ ಒಕ್ಕೂಟ 2019ರಲ್ಲಿ ಮಾಡಿದ ಕಾನೂನು ಲೀಟರಿಗೆ 20 ಗ್ರಾಂವರೆಗೆ ಅದಕ್ಕೆ ಎಡೆಗೊಟ್ಟಿದೆ. ಬಣ್ಣಕ್ಕಾಗಿ ಕರಟಿದ ಸಕ್ಕರೆಯ ಪಾಕವನ್ನು ಸೇರಿಸುವುದೂ ಇದೆ. ಕಾಲ ಮಾಡಬೇಕಾದ ಕೆಲಸವನ್ನು ಚಮಚ ಮಾಡಿಬಿಡುತ್ತದೆ. ಕುಡಿಯುವವನು, ಆಹಾ, ಎಷ್ಟು ವರ್ಷದ ಮಾಗು, ಎಂದು ತಲೆದೂಗುತ್ತಾನೆ. ಫಿನ್ಲೆಂಡ್ ಮತ್ತು ಸ್ವೀಡನ್ನಿನ ಸರ್ಕಾರಿ ಮದ್ಯದಂಗಡಿಗಳು ಯಾವ ಸೀಸೆಯಲ್ಲಿ ಎಷ್ಟು ಸಕ್ಕರೆ ಇದೆಯೆಂದು ಪ್ರಕಟಿಸತೊಡಗಿದ ಮೇಲೆ ಅನೇಕ ರಸಿಕರಿಗೆ ತಮ್ಮ ನಾಲಗೆಯ ಮೇಲೆಯೇ ಅನುಮಾನ ಹುಟ್ಟಿತು. ಬೆರಸಿದ್ದು ಅಪರಾಧವೆಂದು ನಾನು ಹೇಳಲಾರೆ; ಪಾಯಸಕ್ಕೆ ಸಕ್ಕರೆ ಹಾಕಿದವರನ್ನು ಯಾರೂ ಜೈಲಿಗೆ ಕಳಿಸುವುದಿಲ್ಲ. ಹೇಳಿ ಪಡೆದದ್ದು ಕಡ, ಹೇಳದೆ ಪಡೆದದ್ದು ಬೇರೆ. ಇಷ್ಟು ವ್ಯತ್ಯಾಸವನ್ನು ಮಾತ್ರ ಒಪ್ಪಬೇಕು.

ಈ ಅಳತೆಗೋಲನ್ನು ಕೈಯಲ್ಲಿ ಹಿಡಿದ ಮೇಲೆ ಅದನ್ನು ಅರ್ಧದಾರಿಯಲ್ಲಿ ಕೆಳಗಿಡುವ ಹಾಗಿಲ್ಲ. ಸೀಸೆ ಪೋರ್ಟಿನ ಋಣವನ್ನು ಹೇಳಿತು, ಸರಿ. ರಮ್ಮಿಗೆ ಅದಕ್ಕಿಂತ ದೊಡ್ಡ ಋಣ ಬೇರೊಂದಿದೆ.

1640ರ ದಶಕದಲ್ಲಿ ಬಾರ್ಬಡೋಸಿನ ಇಂಗ್ಲಿಷ್ ಜಮೀನುದಾರರು ಕಬ್ಬಿಗೆ ಕೈಹಾಕಿದರು. ಆಗ ಕಾಕಂಬಿ ಕಸ. ಅದರಿಂದ ಇಳಿಸಿದ ಒರಟು ಸಾರಾಯಿಯನ್ನು ಅಲ್ಲಿಯವರು ದೆವ್ವವನ್ನು ಕೊಲ್ಲುವ ಮದ್ದೆಂದು ಕರೆಯುತ್ತಿದ್ದರು. ಕಬ್ಬಿಗೆ ಬೇಕಾದ ಆಳುಗಳನ್ನು ಆಫ್ರಿಕದಿಂದ ಹಡಗುಗಳಲ್ಲಿ ತಂದರು. 1661ರಲ್ಲಿ ದ್ವೀಪದ ಶಾಸನಸಭೆ ಒಂದು ಗುಲಾಮ ಸಂಹಿತೆಯನ್ನು ರಚಿಸಿ, ಮನುಷ್ಯನನ್ನು ಜಂಗಮ ಆಸ್ತಿಯಂತೆ ಕಾಣುವುದನ್ನು ಕ್ರಮಬದ್ಧಗೊಳಿಸಿತು. ಜಮೈಕ, ದಕ್ಷಿಣ ಕ್ಯಾರೊಲೈನಾಗಳು ಅದನ್ನು ಮಾದರಿಯಾಗಿ ತೆಗೆದುಕೊಂಡವು. ಸುಗ್ಗಿಯ ಕಾಲದಲ್ಲಿ ಗಾಣ ಹಗಲೂ ರಾತ್ರಿ ತಿರುಗುತ್ತಿತ್ತು. ನಿದ್ದೆಗೆಟ್ಟು ಕಬ್ಬು ಕೊಡುವವರ ಬೆರಳು ಉರುಳೆಗೆ ಸಿಕ್ಕಿದರೆ ತೋಳು, ತೋಳಿನ ಹಿಂದೆ ಮೈ. ಅದಕ್ಕೆಂದು ಗಾಣದ ಪಕ್ಕದಲ್ಲಿ ಒಂದು ಕೊಡಲಿಯನ್ನು ಇಟ್ಟಿರುತ್ತಿದ್ದರು. ಗಾಣ ನಿಲ್ಲಿಸುವುದಕ್ಕಿಂತ ತೋಳು ಕಡಿಯುವುದು ಬೇಗ ಆಗುವ ಕೆಲಸ.

ಈ ದ್ವೀಪಕ್ಕೆ ಸುಮಾರು ಎರಡು ಶತಮಾನಗಳಲ್ಲಿ ಬಂದಿಳಿದ ಆಫ್ರಿಕದ ಜನ ಐದು ಲಕ್ಷಕ್ಕೆ ಹತ್ತಿರ. ಕೆಲವರನ್ನು ಬೇರೆ ದ್ವೀಪಗಳಿಗೆ ಸಾಗಿಸಿದ್ದುಂಟು. ಆದರೂ 1834ರಲ್ಲಿ ದಾಸ್ಯ ಕೊನೆಗೊಂಡಾಗ ಅಲ್ಲಿ ಎಣಿಕೆಗೆ ಸಿಕ್ಕ ಗುಲಾಮರು, ಮಕ್ಕಳು ಮರಿ ಸೇರಿ, ಸುಮಾರು 83,000 ಮಾತ್ರ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ವಿವರಿಸಲು ವಿಶೇಷಣಗಳು ಬೇಡ. ಬಿಡುಗಡೆಯ ಹೊತ್ತಿನಲ್ಲಿ ಬ್ರಿಟಿಷ್ ಸರ್ಕಾರ ಎರಡು ಕೋಟಿ ಪೌಂಡು ಪರಿಹಾರ ಕೊಟ್ಟಿತು. ದುಡಿದವರಿಗಲ್ಲ, ಆಸ್ತಿ ಕಳೆದುಕೊಂಡೆವೆಂದ ಒಡೆಯರಿಗೆ. ದುಡಿದವರು ಇನ್ನೂ ನಾಲ್ಕು ವರ್ಷ, 1838ರವರೆಗೆ, ಕೆಲಸ ಕಲಿಯುವವರೆಂಬ ಹೆಸರಿನಲ್ಲಿ ಅದೇ ಒಡೆಯರ ಹೊಲದಲ್ಲಿ ಬಿಟ್ಟಿ ದುಡಿಯಬೇಕಾಯಿತು. ಪರಿಹಾರಕ್ಕಾಗಿ ಎತ್ತಿದ ಸಾಲದ ಕೊನೆಯ ಬಾಕಿ ಬ್ರಿಟಿಷ್ ಬೊಕ್ಕಸದಿಂದ ತೀರಿದ್ದು 2015ರಲ್ಲಿ. ನಾವು ಹಳೆಯ ಕಥೆಯೆನ್ನುವುದು ಲೆಕ್ಕದ ಪುಸ್ತಕಕ್ಕೆ ಅಷ್ಟೇನೂ ಹಳೆಯದಾಗಿರಲಿಲ್ಲ.

ಹಾಗಾದರೆ ಲೋಟವನ್ನು ಕೆಳಗಿಡಬೇಕೇ? 1791ರಲ್ಲಿ ವಿಲಿಯಂ ಫಾಕ್ಸ್ ಎಂಬಾತ ಲಂಡನ್ನಿನಲ್ಲಿ ಒಂದು ಕರಪತ್ರ ಪ್ರಕಟಿಸಿ, ವೆಸ್ಟ್ ಇಂಡೀಸಿನ ಸಕ್ಕರೆಯನ್ನೂ ರಮ್ಮನ್ನೂ ಬಿಡಬೇಕೆಂದು ಇಂಗ್ಲೆಂಡಿನ ಜನರನ್ನು ಕೇಳಿಕೊಂಡ. ಕೊಳ್ಳುವವನಿಂದಲೇ ಮಾರುವವನು, ಮಾರುವವನಿಂದಲೇ ಹಿಂಸಿಸುವವನು ಎಂಬುದು ಆತನ ತರ್ಕ. ವಾರಕ್ಕೆ ಐದು ಪೌಂಡು ಸಕ್ಕರೆ ಬಳಸುವ ಸಂಸಾರ 21 ತಿಂಗಳು ಅದನ್ನು ಬಿಟ್ಟರೆ ಒಬ್ಬ ಮನುಷ್ಯನ ದಾಸ್ಯವೋ ಕೊಲೆಯೋ ತಪ್ಪುತ್ತದೆಂದು ಆತ ಲೆಕ್ಕವನ್ನೂ ಹಾಕಿದ್ದ. ಆ ಕಾಲಕ್ಕೆ ಅದು ಸರಿಯಾದ ತರ್ಕ. ಹೆಂಗಸರ ಮುಂದಾಳುತನದಲ್ಲಿ ಸಾವಿರಾರು ಮನೆಗಳು ಸಕ್ಕರೆ ಬಿಟ್ಟವು. ಇಂದು ಆ ತರ್ಕ ಹಾಗೆಯೇ ಹೊಂದುವುದಿಲ್ಲ. ಅಂದು ಕೊಟ್ಟ ಕಾಸು ಕೊಡಲಿಯ ಪಕ್ಕದ ಗಾಣವನ್ನು ತಿರುಗಿಸುತ್ತಿತ್ತು. ಇಂದು ನಾನು ಕೊಡುವ ಕಾಸು ಸ್ವತಂತ್ರ ದ್ವೀಪವೊಂದರ ಜನರ ಸಂಬಳಕ್ಕೆ ಹೋಗುತ್ತದೆ. ಬಾರ್ಬಡೋಸ್ 1966ರಲ್ಲಿ ಸ್ವತಂತ್ರವಾಯಿತು, 2021ರಲ್ಲಿ ಗಣರಾಜ್ಯವಾಯಿತು. ನೆರೆಯ ಜಮೈಕದಲ್ಲಿ ಜಾಯ್ ಸ್ಪೆನ್ಸ್ ಎಂಬ ರಸಾಯನಶಾಸ್ತ್ರಜ್ಞೆ 1997ರಿಂದ ಆಪಲ್ಟನ್ ರಮ್ಮಿನ ಮಿಶ್ರಣದ ಮುಖ್ಯಸ್ಥೆಯ ಸ್ಥಾನಕ್ಕೆ ಬಂದರು. ಹಳೆಯ ಪಾಪದ ಹೆಸರಿನಲ್ಲಿ ಇಂದಿನ ಕೈಚಳಕವನ್ನು ನಿರಾಕರಿಸಿದರೆ, ಅಂದು ಬೆವರು ಕಳೆದುಕೊಂಡವರ ದ್ವೀಪ ಇಂದು ಗಿರಾಕಿಯನ್ನೂ ಕಳೆದುಕೊಂಡಂತೆ ಆಗುತ್ತದೆ.

ಇನ್ನು ಕೆಲವರು ಬೇರೊಂದು ಸಮಾಧಾನ ಹೇಳುತ್ತಾರೆ: ಆ ಪಾಪ ಅವರದು, ಇಂಗ್ಲಿಷರದು, ನಮಗೇನು? ಕಬ್ಬು ನಮ್ಮದು, ಸಕ್ಕರೆಯೆಂಬ ಮಾತಿನ ಮೂಲವಾದ ಶರ್ಕರಾ ಶಬ್ದ ನಮ್ಮದು ಎಂದು ಹೆಮ್ಮೆಪಡುವಾಗ ನಾವು ಈ ಕಥೆಯೊಳಗೆ ಇರುತ್ತೇವೆ. ಲೆಕ್ಕ ಕೇಳುವಾಗ ಹೊರಗೆ ನಿಲ್ಲುತ್ತೇವೆ. 1820ರ ದಶಕದಲ್ಲಿ ಇಂಗ್ಲೆಂಡಿನ ಮೇಜುಗಳ ಮೇಲೆ, ಇದು ಗುಲಾಮರು ಮಾಡದ ಈಸ್ಟ್ ಇಂಡಿಯಾ ಸಕ್ಕರೆ, ಎಂಬ ಅರ್ಥದ ಬರಹವಿದ್ದ ಸಕ್ಕರೆ ಬಟ್ಟಲುಗಳು ಬಂದವು. ಅಂದರೆ ನಮ್ಮ ದೇಶದ ಸಕ್ಕರೆ. ಆದರೆ 1833ರ ದಾಸ್ಯವಿಮೋಚನೆಯ ಕಾನೂನು ಈಸ್ಟ್ ಇಂಡಿಯಾ ಕಂಪನಿಯ ಸೀಮೆಗಳನ್ನು ಹೊರಗಿಟ್ಟಿತ್ತು. ಇಲ್ಲಿಗೆ ಅಂಥ ಕಾನೂನು ಬಂದದ್ದು 1843ರಲ್ಲಿ. ಅದಕ್ಕೂ ಮೊದಲೇ, 1838ರಲ್ಲಿ, ಬಿಡುಗಡೆಯಾದವರ ಜಾಗ ತುಂಬಲು ಭಾರತದ ಕೂಲಿಗಳನ್ನು ಹೊತ್ತ ಮೊದಲ ಹಡಗುಗಳು ಬ್ರಿಟಿಷ್ ಗಯಾನವನ್ನು ಮುಟ್ಟಿದ್ದವು. ಈ ಕೂಲಿಯೊಪ್ಪಂದದ ನೇಮಕ 1917ರಲ್ಲಿ ನಿಲ್ಲುವ ಹೊತ್ತಿಗೆ ಕೆರೀಬಿಯನ್ನಿಗೆ ಹೋದವರು ಸುಮಾರು ಐದು ಲಕ್ಷ ಜನ. ಬೆಂಗಳೂರಿನ ಅಮೃತ್ ಕಾರಖಾನೆ ಕೆರೀಬಿಯನ್ ರಮ್ಮಿಗೆ ಬೆಲ್ಲದಿಂದ ಇಳಿಸಿದ ನಮ್ಮ ರಮ್ಮನ್ನು ಬೆರೆಸಿ 'ಟೂ ಇಂಡೀಸ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿದೆ. ಆ ಎರಡು ಇಂಡೀಸುಗಳು ಸೀಸೆಯಲ್ಲಿ ಬೆರೆಯುವ ಮೊದಲೇ ಕಬ್ಬಿನ ಗದ್ದೆಯಲ್ಲಿ ಬೆರೆತಿದ್ದವು.

ಜೀತವನ್ನು ನಮ್ಮ ದೇಶ ಕಾನೂನಿನಿಂದ ರದ್ದುಮಾಡಿದ್ದು 1976ರಲ್ಲಿ. ನಮ್ಮ ವಾಚಕರಲ್ಲಿ ಅನೇಕರು ಆಗ ಹುಟ್ಟಿ ಬೆಳೆದಿದ್ದವರು. ಇಂದಿಗೂ ಪ್ರತಿವರ್ಷ ಸುಗ್ಗಿಗೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಸಂಸಾರ ಸಂಸಾರವೇ ಗುತ್ತಿಗೆದಾರನಿಂದ ಮುಂಗಡ ಪಡೆದು ಕಬ್ಬು ಕಡಿಯಲು ಹೊರಡುತ್ತದೆ. ನಮ್ಮ ಬೆಳಗಾವಿ ಸೀಮೆಯ ಗದ್ದೆಗಳಿಗೂ ಬರುತ್ತದೆ. ಲೆಕ್ಕದಲ್ಲಿ ಗಂಡಹೆಂಡಿರಿಬ್ಬರೂ ಸೇರಿ ಒಂದು 'ಕೊಯ್ತಾ', ಅಂದರೆ ಒಂದು ಕುಡುಗೋಲು. ಆ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರು ಬಹುಸಂಖ್ಯೆಯಲ್ಲಿ, ಅದೂ ಎಳೆಯ ವಯಸ್ಸಿನಲ್ಲೇ, ಗರ್ಭಕೋಶ ತೆಗೆಸಿಕೊಂಡಿದ್ದಾರೆಂಬ ಸಂಗತಿ 2019ರಲ್ಲಿ ಬಯಲಿಗೆ ಬಂದು, ಆ ರಾಜ್ಯದ ಸರ್ಕಾರ ವಿಚಾರಣೆಗೆ ಸಮಿತಿಯನ್ನು ನೇಮಿಸಬೇಕಾಯಿತು. ತಿಂಗಳ ಮುಟ್ಟಿನ ದಿನ ಕೆಲಸ ತಪ್ಪಿದರೆ ಕೂಲಿ ಹೋಗುತ್ತದೆ, ಮೇಲೆ ದಂಡ ಬೀಳುತ್ತದೆ ಎಂಬುದು ಹೊರಬಂದ ಕಾರಣಗಳಲ್ಲೊಂದು. ಗಾಣದ ಪಕ್ಕದ ಕೊಡಲಿ ಮತ್ತು ಈ ಶಸ್ತ್ರಚಿಕಿತ್ಸೆ ಒಂದೇ ಎಂದು ನಾನು ಹೇಳುವುದಿಲ್ಲ. ಎರಡರಲ್ಲೂ ಗಾಣ ನಿಲ್ಲಬಾರದೆಂಬ ಹಟ ಒಂದೇ.

ಮೂಲವನ್ನು ನೆನೆಯುವುದರ ಪ್ರಯೋಜನ ಇಲ್ಲಿದೆಯೆಂದು ನನಗೆ ತೋರುತ್ತದೆ. ಸತ್ತವರಿಗೆ ನಮ್ಮ ನೆನಪಿನಿಂದ ಏನೂ ಆಗಬೇಕಾಗಿಲ್ಲ. ಆದರೆ 1661ರ ಸಂಹಿತೆಯನ್ನು ಓದಿದ ಕಣ್ಣು ಇಂದಿನ ಮುಂಗಡದ ಚೀಟಿಯನ್ನು ಸ್ವಲ್ಪ ಹೆಚ್ಚು ಗಮನವಿಟ್ಟು ಓದುತ್ತದೆ.

ಆದರೂ ಒಂದು ಅಪಾಯವನ್ನು ಹೇಳದೆ ಮುಗಿಸಬಾರದು. ನಮ್ಮ ಆಲಂಕಾರಿಕರು ಕರುಣವನ್ನೂ ಒಂದು ರಸವೆಂದರು. ಶೋಕವೂ ಆಸ್ವಾದಕ್ಕೆ ಬರುತ್ತದೆಂದು ಕಂಡುಕೊಂಡರು. ನಾಟಕದಲ್ಲಿ ಅದು ಸರಿ. ಊಟದ ಮೇಜಿನಲ್ಲಿ ಇದೇ ಗುಣ ಕುಯುಕ್ತಿಯಾಗಬಲ್ಲದು. ಲೋಟವನ್ನು ಬೆಳಕಿಗೆ ಹಿಡಿದು, ಇದರ ಹಿಂದೆ ಎಷ್ಟು ಕಣ್ಣೀರಿದೆ, ಎಂದು ನಿಟ್ಟುಸಿರಿಟ್ಟು, ಆ ನಿಟ್ಟುಸಿರಿನಿಂದ ಪಾನೀಯಕ್ಕೆ ಇನ್ನಷ್ಟು ಗಾಂಭೀರ್ಯ ಬರಿಸಿಕೊಂಡು ಕುಡಿಯುವ ರಸಿಕ, ಏನೂ ತಿಳಿಯದೆ ಕುಡಿಯುವವನಿಗಿಂತ ಮೇಲಲ್ಲ. ಇತರರ ನೋವು ಅವನಿಗೆ ಇನ್ನೊಂದು ಪೀಪಾಯಿ. ಅದರಲ್ಲಿ ತನ್ನ ಮನಸ್ಸನ್ನು ಆರು ತಿಂಗಳು ಇಟ್ಟು ಪರಿಮಳ ಏರಿಸಿಕೊಂಡಿದ್ದಾನೆ. ನೆನಪು ನಿಜವೋ ಅಲಂಕಾರವೋ ಎಂದು ಪರೀಕ್ಷಿಸುವ ಬಗೆ ಒಂದೇ: ಅದರಿಂದ ನಮಗೆ ಏನಾದರೂ ಖರ್ಚು ಬಿತ್ತೇ? ಅಂಗಡಿಯವನನ್ನು ಒಂದು ಪ್ರಶ್ನೆ ಕೇಳಿದೆವೇ? ಸಕ್ಕರೆ ಕಾರಖಾನೆಯ ಷೇರು ಇದ್ದವರು ಕಬ್ಬು ಕಡಿಯುವವರ ಬಿಡಾರ ಹೇಗಿದೆಯೆಂದು ವಾರ್ಷಿಕ ಸಭೆಯಲ್ಲಿ ಎದ್ದು ಕೇಳಿದರೇ? ಕೇಳಲಿಲ್ಲವಾದರೆ ನಿಟ್ಟುಸಿರು ಬರಿಯ ಆವಿ.

ಹೆಸರು ಬದಲಿಸುವುದರ ಬಗ್ಗೆಯೂ ಇದೇ ಮಾತು. ಪ್ಲಾಂಟೇಷನ್ ಎಂಬ ಹೆಸರಿನ ಪ್ರಸಿದ್ಧ ರಮ್ಮೊಂದನ್ನು ಮಾರುತ್ತಿದ್ದ ಫ್ರೆಂಚ್ ಸಂಸ್ಥೆ, ಆ ಶಬ್ದದ ಹಿಂದಿನ ನೋವನ್ನು ಮನ್ನಿಸಿ ಹೆಸರು ಬಿಡುವುದಾಗಿ 2020ರಲ್ಲಿ ಹೇಳಿತು. ಈಗ ಅದು ಪ್ಲಾಂಟರೇ ಎಂಬ ಹೊಸ ಹೆಸರಿನಲ್ಲಿ ಮಾರಾಟವಾಗುತ್ತಿದೆ. ನೋಯಿಸುವ ಮಾತನ್ನು ತೋರಣದಂತೆ ಕಟ್ಟಿಕೊಳ್ಳದಿರುವುದು ಸೌಜನ್ಯ. ಆದರೆ ಇಂಗಿನ ಡಬ್ಬಿಗೆ ಏಲಕ್ಕಿಯೆಂದು ಚೀಟಿ ಅಂಟಿಸಿದಷ್ಟಕ್ಕೆ ವಾಸನೆ ಹೋಗುವುದಿಲ್ಲ.

ಬಾರ್ಬಡೋಸಿನ ಕ್ರೈಸ್ಟ್ ಚರ್ಚ್ ಎಂಬ ಭಾಗದಲ್ಲಿ ನ್ಯೂಟನ್ ಎಂಬ ಹಳೆಯ ಕಬ್ಬಿನ ಜಹಗೀರಿನ ಅಂಚಿಗೆ ಒಂದು ಬಯಲಿದೆ. 1970ರ ದಶಕದಲ್ಲಿ ಪುರಾತತ್ತ್ವಜ್ಞರು ಅಲ್ಲಿ ಅಗೆದು, ಅದು ಗುಲಾಮರ ಸ್ಮಶಾನವೆಂದು ಗುರುತಿಸಿದರು. ಅಲ್ಲಿ ಮಣ್ಣಾದವರು ಸುಮಾರು 570 ಜನರೆಂದು ಅಂದಾಜು. ಕಲ್ಲಿಲ್ಲ, ಹೆಸರಿಲ್ಲ, ಇಸವಿಯಿಲ್ಲ. ನಾನು ಸವಿದ ರಮ್ಮಿನ ಚೀಟಿಯ ಮೇಲೆ ಭಟ್ಟಿ ಇಳಿಸಿದ ವರ್ಷವಿತ್ತು, ಪೀಪಾಯಿಯ ಕುಲಗೋತ್ರವಿತ್ತು, ಸತ್ತ್ವ ನೂರಕ್ಕೆ 40 ಎಂಬ ಲೆಕ್ಕವಿತ್ತು. ಒಂದು ಸೀಸೆಯ ಬಗ್ಗೆ ಇಷ್ಟು ವಿವರ ಕೇಳುವುದು ನ್ಯಾಯವೆಂದು ನಾವು ಒಪ್ಪುತ್ತೇವೆ, ವಿವರವಿಲ್ಲದಿದ್ದರೆ ಮೋಸವೆನ್ನುತ್ತೇವೆ. ಕಬ್ಬು ಕಡಿದವರ ಬಗ್ಗೆಯೂ ಅಷ್ಟೇ ವಿವರ ಕೇಳುವುದು ಅತಿಯಾಯಿತೆಂದು ಯಾರಾದರೂ ಹೇಳಿದರೆ, ಎಲ್ಲಿ ಅತಿಯಾಯಿತೆಂದು ಅವರೇ ತೋರಿಸಿಕೊಡಬೇಕು. ನದಿಯ ಮೂಲ ಹುಡುಕಿದರೆ ನದಿ ಸಣ್ಣದಾಗಬಹುದು. ರುಚಿಯ ಮೂಲ ಹುಡುಕಿದರೆ ರುಚಿ ಸಣ್ಣದಾಗುವುದಿಲ್ಲ. ಅದನ್ನು ಉಣ್ಣುವವನ ಮೇಲೆ ಒಂದಿಷ್ಟು ಬಾಕಿ ಕಾಣಿಸಿಕೊಳ್ಳುತ್ತದೆ. ಬಾಕಿ ಇರುವುದು ತಿಳಿದರೆ ತಾನೇ ತೀರಿಸುವ ಯೋಚನೆ.